ಬೆನ್ನು ಹತ್ತಿದ ಬಿ27

1973ರ ಏಪ್ರಿಲ್‌ನಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಎರಡು ವೈದ್ಯಕೀಯ ಪತ್ರಿಕೆಗಳಲ್ಲಿ ಒಂದೇ ಸುದ್ದಿ ಅಚ್ಚಾಯಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ಡೆರಿಕ್ ಬ್ರೂವರ್ಟನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ನಲ್ಲಿ ಬರೆದದ್ದು ಇಷ್ಟು: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುರೋಗ ಇರುವ 75 ಮಂದಿಯ ರಕ್ತ ಪರೀಕ್ಷಿಸಿದರೆ 72 ಮಂದಿಯ ಬಿಳಿರಕ್ತಕಣಗಳ ಮೇಲೆ 27ನೇ ನಂಬರಿನ ಗುರುತು ಕಾಣುತ್ತದೆ. ರೋಗವಿಲ್ಲದ 75 ಮಂದಿಯಲ್ಲಿ ಅದು ಇದ್ದದ್ದು ಮೂವರಲ್ಲಿ ಮಾತ್ರ. ಲಾಸ್ ಏಂಜಲೀಸ್‌ನಲ್ಲಿ ಶ್ಲೋಸ್ಟೈನ್, ತೆರಾಸಾಕಿ ಮತ್ತಿತರರು ತಮ್ಮ ಪಾಡಿಗೆ ತಾವು ಬೇರೆ ಬೇರೆ ಸಂಧಿವಾತಗಳ ರೋಗಿಗಳನ್ನು ಪರೀಕ್ಷಿಸುತ್ತಿದ್ದರು. ಅವರ 40 ಬೆನ್ನುರೋಗಿಗಳಲ್ಲಿ 35 ಮಂದಿಗೆ ಅದೇ ಗುರುತು. ಹೋಲಿಕೆಗೆ ತೆಗೆದುಕೊಂಡ ಸಾಮಾನ್ಯ ಜನರಲ್ಲಿ ಶೇ. 8.

ಈ ಗುರುತನ್ನೇ ಇಂದು ಎಚ್‌ಎಲ್‌ಎ-ಬಿ27 ಎನ್ನುತ್ತೇವೆ. ಅದನ್ನು ಪತ್ತೆಹಚ್ಚುವ ಪರೀಕ್ಷೆ ಹುಟ್ಟಿದ್ದು ಅಂಗಾಂಗ ಕಸಿಗೆ ದಾನಿಯೂ ರೋಗಿಯೂ ಹೊಂದುತ್ತಾರೋ ಇಲ್ಲವೋ ಎಂದು ನೋಡಲು. ಅದನ್ನು ಅಗ್ಗವಾಗಿ, ಒಂದು ಹನಿ ರಕ್ತದಲ್ಲಿ ಮಾಡಬಹುದಾದ ವಿಧಾನವನ್ನು 1964ರಲ್ಲಿ ರೂಪಿಸಿದವರು ಇದೇ ಪಾಲ್ ತೆರಾಸಾಕಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಅಮೆರಿಕ ಸರಕಾರ ಶಿಬಿರದಲ್ಲಿ ಕೂಡಿಹಾಕಿದ್ದ ಕುಟುಂಬಗಳಲ್ಲೊಂದರ ಹುಡುಗ. ಕಸಿಗೆಂದು ಮಾಡಿದ ಸಾಧನ ಬೆನ್ನುನೋವಿನ ಗುಟ್ಟಿಗೆ ಕೈಹಾಕಿತು.

ಐವತ್ತು ವರ್ಷ ಕಳೆದರೂ ಜನಸಾಮಾನ್ಯರಿಗೆ ಬರುವ ಕಾಯಿಲೆಗಳಲ್ಲಿ ಒಂದೇ ವಂಶವಾಹಿಗೆ ಇಷ್ಟು ಬಿಗಿಯಾಗಿ ಗಂಟುಬಿದ್ದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಟೈಪ್-2 ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ರೋಗಗಳ ಹೆಚ್ಚಿನ ವಂಶವಾಹಿಗಳು ಅಪಾಯವನ್ನು ಶೇ. 10, ಶೇ. 20ರಷ್ಟು ಏರಿಸಿದರೆ ಅದೇ ದೊಡ್ಡ ಮಾತು. ಬಿ27 ಅದನ್ನು ಹತ್ತಾರು ಪಟ್ಟು ಏರಿಸುತ್ತದೆ. ಆದರೂ ಬಿ27 ಹೊತ್ತ ನೂರು ಜನರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಈ ರೋಗದ ಹೆಸರನ್ನೂ ಕೇಳದೆ ಬದುಕಿ ಹೋಗುತ್ತಾರೆ. ಎರಡೂ ನಿಜ. ಈ ಎರಡು ನಿಜಗಳನ್ನು ಜೋಡಿಸುವ ಪ್ರಯತ್ನವೇ ಈ ರೋಗದ ವಂಶವಾಹಿ ಸಂಶೋಧನೆಯ ಅರ್ಧ ಶತಮಾನದ ಕಥೆ. ಲ್ಯಾಬ್ ವರದಿ ಕೈಯಲ್ಲಿ ಹಿಡಿದು ಗಾಬರಿಯಾಗುವವರು ಈ ಎರಡರಲ್ಲಿ ಮೊದಲನೆಯದನ್ನಷ್ಟೇ ಓದಿರುತ್ತಾರೆ.

ರೋಗದ ಪರಿಚಯ ಸ್ವಲ್ಪ ಆಗಲಿ. ಸಾಮಾನ್ಯವಾಗಿ ಇಪ್ಪತ್ತರ ಹರೆಯದಲ್ಲಿ ಶುರು. ಸೊಂಟದ ಕೆಳಗೆ, ಪೃಷ್ಠದ ಒಳಭಾಗದಲ್ಲಿ, ಒಂದು ದಿನ ಬಲಕ್ಕೆ ಇನ್ನೊಂದು ದಿನ ಎಡಕ್ಕೆ ನೋವು. ಬೆಳಗಿನ ಜಾವ ಮೂರು ನಾಲ್ಕಕ್ಕೆ ನೋವಿಗೆ ಎಚ್ಚರವಾಗುತ್ತದೆ. ಎದ್ದರೆ ಬೆನ್ನು ಮರಗಟ್ಟಿರುತ್ತದೆ, ಚಪ್ಪಲಿ ಮೆಟ್ಟಲು ಬಗ್ಗಲಾಗುವುದಿಲ್ಲ. ಅರ್ಧ ಗಂಟೆ ಓಡಾಡಿದರೆ ಸಡಿಲ. ಸಾಮಾನ್ಯ ಬೆನ್ನುನೋವು ಮಲಗಿದರೆ ಇಳಿಯುತ್ತದೆ, ದುಡಿದರೆ ಏರುತ್ತದೆ, ಇದು ತಿರುಗುಮುರುಗು. ಉರಿಯೂತ ಮೊದಲು ಹಿಡಿಯುವುದು ಬೆನ್ನುಮೂಳೆಯ ಬುಡ ಸೊಂಟದೆಲುಬಿಗೆ ಕೂಡುವ ಸ್ಯಾಕ್ರೋಇಲಿಯಾಕ್ ಕೀಲುಗಳನ್ನು. ಕೆಲವರಲ್ಲಿ ಅದು ವರ್ಷಗಟ್ಟಲೆ ಮೇಲೇರುತ್ತಾ ಹೋಗಿ ಕಶೇರುಗಳ ನಡುವೆ ಹೊಸ ಮೂಳೆ ಬೆಳೆದು ಬೆನ್ನು ಒಂದೇ ಕೊರಡಾಗುತ್ತದೆ. ಎಕ್ಸ್‌ರೇಯಲ್ಲಿ ಹಾನಿ ಕಾಣುವ ಮುಂಚಿನ ಹಂತವನ್ನೂ ಸೇರಿಸಿ ಈಗ ಇಡೀ ಗುಂಪಿಗೆ ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎನ್ನುತ್ತಾರೆ. ಕಣ್ಣು ಕೆಂಪಾಗಿ ಬೆಳಕು ನೋಡಲಾಗದ ಯೂವಿಯೈಟಿಸ್, ಸೋರಿಯಾಸಿಸ್, ಕರುಳಿನ ಉರಿಯೂತ — ಇವು ಇದರ ದಾಯಾದಿಗಳು. ನಮ್ಮಲ್ಲಿ ಬಹಳ ರೋಗಿಗಳು ‘ಡಿಸ್ಕ್ ಜಾರಿದೆ’ ಎನ್ನಿಸಿಕೊಂಡು, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು, ವರ್ಷಗಳನ್ನು ಕಳೆದ ಮೇಲೆ ಸರಿಯಾದ ವೈದ್ಯರ ಮುಂದೆ ಬಂದು ಕೂರುತ್ತಾರೆ. ಹೆಂಗಸರಿಗೆ ಇನ್ನೂ ತಡ. ಇದು ಗಂಡಸರ ರೋಗವೆಂದು ಹಳೆಯ ಪಠ್ಯಪುಸ್ತಕಗಳು ಬರೆದಿಟ್ಟದ್ದರ ಫಲ.

ಬಿ27ರ ಭೂಪಟ ಬಿಡಿಸಿದರೆ ಕಥೆ ಗಟ್ಟಿಯಾಗುತ್ತದೆ, ಜೊತೆಗೆ ಗೋಜಲೂ ಆಗುತ್ತದೆ. ಕೆನಡಾದ ಪಶ್ಚಿಮ ತೀರದ ದ್ವೀಪಗಳಲ್ಲಿರುವ ಹೈಡಾ ಮೂಲನಿವಾಸಿಗಳಲ್ಲಿ ಸುಮಾರು ಅರ್ಧಕ್ಕರ್ಧ ಮಂದಿಗೆ ಬಿ27 ಇದೆ. ಅವರ ವಯಸ್ಕ ಗಂಡಸರಲ್ಲಿ ಈ ರೋಗ ಹತ್ತರಲ್ಲೊಬ್ಬರಿಗೆ ಎಂಬಷ್ಟು ಸಾಮಾನ್ಯ. ಸ್ಕ್ಯಾಂಡಿನೇವಿಯಾದ ಉತ್ತರದ ಸಾಮಿ ಜನರಲ್ಲಿ ಸುಮಾರು ಕಾಲುಭಾಗಕ್ಕೆ ಬಿ27. ಪಶ್ಚಿಮ ಯುರೋಪಿನಲ್ಲಿ ಶೇ. 8ರ ಆಸುಪಾಸು. ಜಪಾನಿನಲ್ಲಿ ಶೇ. 1 ಕೂಡ ಇಲ್ಲ. ಅಲ್ಲಿ ರೋಗವೂ ಅಪರೂಪ. ಭಾರತದಲ್ಲಿ ಈ ಪ್ರಮಾಣ ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಹೆಚ್ಚಿನ ವರದಿಗಳು ಒಂದಂಕಿಯೊಳಗೇ ಇವೆ. ಇಲ್ಲಿಯವರೆಗೆ ಲೆಕ್ಕ ಸರಳ: ಬಿ27 ಹೆಚ್ಚಿದ್ದಲ್ಲಿ ರೋಗ ಹೆಚ್ಚು.

ಲೆಕ್ಕ ತಪ್ಪುವುದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ. ಅಲ್ಲಿನ ಫುಲಾ ಜನರಲ್ಲಿ ಶೇ. 6ರಷ್ಟು ಮಂದಿಗೆ ಬಿ27 ಇದೆ, ಅದರಲ್ಲೂ ಬಹುಪಾಲು ಯುರೋಪಿನವರಲ್ಲಿ ರೋಗ ತರುವ ಅದೇ ಬಗೆ. ರೋಗ ಮಾತ್ರ ಇಲ್ಲವೇನೋ ಎನ್ನುವಷ್ಟು ವಿರಳ. 1997ರಲ್ಲಿ ಇದನ್ನು ವರದಿ ಮಾಡಿದವರು, ಈ ಜನರಲ್ಲಿ ಬಿ27ರ ಆಚೆಗಿನ ಯಾವುದೋ ರಕ್ಷಣೆ ಇರಬೇಕು ಎಂದರು. ಅದು ಯಾವುದೆಂದು ಹಿಡಿಯಲು ಇನ್ನೂ ಆಗಿಲ್ಲ.

ಇನ್ನೊಂದು ತೊಡಕು ಬಿ27 ಒಂದೇ ಅಲ್ಲ ಎನ್ನುವುದು. ಅದಕ್ಕೆ ನೂರಕ್ಕೂ ಹೆಚ್ಚು ಒಳಬಗೆಗಳಿವೆ. ಯುರೋಪಿನಲ್ಲಿ 27:05, ಚೀನಾದಲ್ಲಿ 27:04, ಮೆಡಿಟರೇನಿಯನ್ ಸುತ್ತ 27:02. ನಮ್ಮಲ್ಲಿ 04, 05, 07 ಮೂರೂ ಕಾಣಿಸುತ್ತವೆ. ಇವೆಲ್ಲ ರೋಗದ ಜೊತೆ ನಂಟುಳ್ಳವು. ಆದರೆ ಇಂಡೊನೇಷ್ಯಾ ಕಡೆಯ 27:06, ಇಟಲಿಯ ಸಾರ್ಡಿನಿಯಾ ದ್ವೀಪದ 27:09 ಹೊತ್ತವರಿಗೆ, ಅಲ್ಲೊಂದು ಇಲ್ಲೊಂದು ಅಪವಾದ ಬಿಟ್ಟರೆ, ರೋಗ ಬರುವುದಿಲ್ಲ. 05ಕ್ಕೂ 09ಕ್ಕೂ ಇರುವ ವ್ಯತ್ಯಾಸ ಎಷ್ಟು? ಇಡೀ ಪ್ರೋಟೀನಿನಲ್ಲಿ 116ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ. ಮೊದಲನೆಯದರಲ್ಲಿ ಆಸ್ಪಾರ್ಟಿಕ್ ಆಮ್ಲ ಇರುವ ಕಡೆ ಎರಡನೆಯದರಲ್ಲಿ ಹಿಸ್ಟಿಡಿನ್. ಆ ಸ್ಥಾನ ಎಲ್ಲಿದೆ ಎನ್ನುವುದು ಮುಖ್ಯ. ಎಚ್‌ಎಲ್‌ಎ ಪ್ರೋಟೀನುಗಳ ಕೆಲಸ, ಜೀವಕೋಶದ ಒಳಗಿನ ಪ್ರೋಟೀನುಗಳ ತುಣುಕುಗಳನ್ನು ಅಂಗಡಿಯವನು ಮುಂಗಟ್ಟಿನಲ್ಲಿ ಸಾಮಾನು ತೂಗುಹಾಕುವ ಹಾಗೆ ಕೋಶದ ಹೊರಮೈಯಲ್ಲಿ ಎತ್ತಿ ತೋರಿಸುವುದು. ಗಸ್ತು ತಿರುಗುವ ಟಿ-ಕೋಶಗಳು ನೋಡಿ, ವೈರಸ್ಸಿನ ತುಣುಕು ಕಂಡರೆ ಆ ಕೋಶವನ್ನೇ ಕೊಲ್ಲುತ್ತವೆ. 116ನೇ ಸ್ಥಾನ ಇರುವುದು ತುಣುಕು ಕೂರುವ ಆ ಕೊರಕಲಿನ ತಳದಲ್ಲಿ. ಅಂದರೆ ಬಿ27 ಯಾವ ತುಣುಕನ್ನು ಹಿಡಿಯುತ್ತದೆ, ಹೇಗೆ ಹಿಡಿಯುತ್ತದೆ ಎನ್ನುವುದರಲ್ಲೇ ರೋಗದ ಬೇರಿದೆ ಎಂದು ಸಾರ್ಡಿನಿಯಾದ ರೈತರೂ ಕುರಿಗಾಹಿಗಳೂ ತಮಗರಿಯದೆ ಸಾಕ್ಷಿ ಹೇಳಿದ್ದರು. ಆ ಸಾಕ್ಷಿಯನ್ನು ಪುರಾವೆಯಾಗಿಸಲು ವಿಜ್ಞಾನಕ್ಕೆ ದಶಕಗಳೇ ಹಿಡಿದವು.

ಅವಳಿಗಳ ಅಧ್ಯಯನಕ್ಕೆ ಬರೋಣ. ಆಕ್ಸ್‌ಫರ್ಡಿನ ಮ್ಯಾಥ್ಯೂ ಬ್ರೌನ್, ಪಾಲ್ ವರ್ಡ್ಸ್‌ವರ್ತ್ ಮತ್ತಿತರರು 1997ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಬ್ಬರಿಗಾದರೂ ರೋಗವಿದ್ದ 8 ಜೋಡಿ ತದ್ರೂಪಿ ಅವಳಿಗಳಲ್ಲಿ 6 ಜೋಡಿಗಳಲ್ಲಿ ಇಬ್ಬರಿಗೂ ರೋಗವಿತ್ತು. 32 ಜೋಡಿ ಸಾಮಾನ್ಯ ಅವಳಿಗಳಲ್ಲಿ ಹಾಗಿದ್ದದ್ದು 4 ಜೋಡಿಗಳಲ್ಲಿ. ಸಾಮಾನ್ಯ ಅವಳಿಗಳಲ್ಲಿ ಇಬ್ಬರಿಗೂ ಬಿ27 ಇದ್ದ 15 ಜೋಡಿಗಳನ್ನಷ್ಟೇ ನೋಡಿದರೂ ಅದೇ 4. ಇಬ್ಬರಿಗೂ ಬಿ27 ಇದ್ದೂ ಉಳಿದ ವಂಶವಾಹಿಗಳಲ್ಲಿ ಬೇರೆಯಾದಾಗ ರೋಗದ ಹೊಂದಿಕೆ ಕಾಲುಭಾಗಕ್ಕೆ ಇಳಿಯಿತು. ಅಂದಮೇಲೆ ಬೇರೆ ವಂಶವಾಹಿಗಳ ಕೈವಾಡವೂ ಇದೆ. ಈ ಲೆಕ್ಕದಿಂದ ಹೊರಟದ್ದು, ರೋಗದ ಅನುವಂಶೀಯತೆ ಶೇ. 97 ಎನ್ನುವ ಅಂಕಿ. ಎಂಟು ಜೋಡಿಗಳ ಮೇಲೆ ನಿಂತ ಅಂಕಿ ಅದು ಎನ್ನುವುದನ್ನು ಉಲ್ಲೇಖಿಸುವವರು ಮರೆಯುತ್ತಾರೆ. ಇರಲಿ; ನಂತರ ಬಂದ ಅಂದಾಜುಗಳೂ ತೀರ ಕೆಳಗಿಳಿದಿಲ್ಲ.

ಅದಕ್ಕೂ ಮುಂಚೆ, 1984ರಲ್ಲಿ, ನೆದರ್ಲೆಂಡ್ಸಿನ ಸ್ಯೂರ್ಡ್ ವಾನ್ ಡರ್ ಲಿಂಡನ್ ಇನ್ನೊಂದು ಅಳತೆ ಮಾಡಿದ್ದರು. ಸಾಮಾನ್ಯ ಜನರಲ್ಲಿ ಬಿ27 ಇರುವ, 45 ದಾಟಿದವರನ್ನು ಪರೀಕ್ಷಿಸಿದಾಗ ರೋಗ ಸಿಕ್ಕಿದ್ದು ಶೇ. 1.3 ಮಂದಿಯಲ್ಲಿ. ರೋಗಿಗಳ ಹತ್ತಿರದ ರಕ್ತಸಂಬಂಧಿಗಳಲ್ಲಿ ಬಿ27 ಇರುವವರನ್ನು ನೋಡಿದರೆ ಶೇ. 21. ಅದೇ ಬಿ27, ಆದರೆ ಮನೆಯಲ್ಲಿ ರೋಗಿಯಿದ್ದರೆ ಅಪಾಯ ಹದಿನಾರು ಪಟ್ಟು. ಈ ರೋಗದ ಬಗ್ಗೆ ಒಂದೇ ಅಧ್ಯಯನ ನೆನಪಿಟ್ಟುಕೊಳ್ಳಬೇಕೆಂದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ವರದಿಯಲ್ಲಿನ ‘ಪಾಸಿಟಿವ್’ ಎಂಬ ಪದದ ತೂಕವನ್ನು ಅದರ ಪಕ್ಕದಲ್ಲಿರುವ ಕುಟುಂಬದ ಚರಿತ್ರೆ ನಿರ್ಧರಿಸುತ್ತದೆ.

ಅನುವಂಶೀಯತೆ ಶೇ. 90ರ ಮೇಲಿದ್ದರೆ ಪರಿಸರಕ್ಕೆ ಕೆಲಸವೇ ಇಲ್ಲವೆಂದು ತಿಳಿಯುವುದು ಸಹಜ. ಇಲ್ಲಿ ಎಡವುವವರೇ ಹೆಚ್ಚು. 1990ರಲ್ಲಿ ಟೆಕ್ಸಸ್ಸಿನ ಡಲ್ಲಾಸ್‌ನಲ್ಲಿ ರಾಬರ್ಟ್ ಹ್ಯಾಮರ್, ಜೋಯಲ್ ಟಾರೋಗ್ ತಂಡ ಮನುಷ್ಯರ ಬಿ27 ವಂಶವಾಹಿಯನ್ನು ಇಲಿಗಳಿಗೆ ಸೇರಿಸಿತು. ಇಲಿಗಳಿಗೆ ಭೇದಿ, ಕರುಳಿನ ಉರಿಯೂತ, ಕೀಲು ಬಾವು, ಬೆನ್ನಿನ ಉರಿಯೂತ, ಚರ್ಮದ ಮೇಲೆ ಸೋರಿಯಾಸಿಸ್‌ನಂಥ ಹೊಪ್ಪಳೆ ಎಲ್ಲವೂ ಬಂದವು. ಮನುಷ್ಯರಲ್ಲಿ ಕಂಡ ದಾಯಾದಿಗಳೆಲ್ಲ ಒಂದೇ ಬೋನಿನಲ್ಲಿ. ಬಿ27ರ ಬದಲು ಅದೇ ಗುಂಪಿನ ಬಿ7 ಸೇರಿಸಿದ ಇಲಿಗಳು ಆರಾಮಾಗಿದ್ದವು. ನಾಲ್ಕು ವರ್ಷದ ಬಳಿಕ ಅದೇ ಬಿ27 ಇಲಿಗಳನ್ನು ಒಂದೂ ಸೂಕ್ಷ್ಮಾಣುವಿಲ್ಲದ ಗೂಡಿನಲ್ಲಿ ಸಾಕಿದರು. ಕೀಲೂ ಬಾತುಕೊಳ್ಳಲಿಲ್ಲ, ಕರುಳೂ ಕೆಡಲಿಲ್ಲ. ವಂಶವಾಹಿ ಇತ್ತು, ಕರುಳಿನ ಬ್ಯಾಕ್ಟೀರಿಯಾ ಇರಲಿಲ್ಲ, ಕೀಲು-ಕರುಳಿನ ರೋಗವೂ ಇರಲಿಲ್ಲ.

ಅನುವಂಶೀಯತೆ ಅಳೆಯುವುದು ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಕಾರಣವೇನು ಎಂಬುದನ್ನು. ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲದ ಮನುಷ್ಯನೇ ಇಲ್ಲ. ಎಲ್ಲರಲ್ಲೂ ಇರುವ ಕಾರಣ ಈ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ; ವಂಶವಾಹಿಯ ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ರೋಗಕ್ಕೆ ಬ್ಯಾಕ್ಟೀರಿಯಾ ಬೇಕೇ ಬೇಕು ಎನ್ನುವುದಕ್ಕೂ ಅನುವಂಶೀಯತೆ ಶೇ. 90ರ ಮೇಲೆ ಎನ್ನುವುದಕ್ಕೂ ಜಗಳವಿಲ್ಲ.

ಮನುಷ್ಯರ ಮೇಲೆ ಅಂಥ ಪ್ರಯೋಗ ಮಾಡಲಾಗದು. ಅಮೆರಿಕದ ನೌಕಾಪಡೆಯ ಒಂದು ಹಡಗಿನಲ್ಲಿ 1962ರಲ್ಲಿ ಅದು ತಾನಾಗಿ ನಡೆದುಹೋಯಿತು. ಸಾವಿರದ ಇನ್ನೂರಕ್ಕೂ ಹೆಚ್ಚು ನಾವಿಕರಲ್ಲಿ 602 ಮಂದಿಗೆ ಶಿಗೆಲ್ಲಾ ಆಮಶಂಕೆ ತಗುಲಿತು. ಅವರಲ್ಲಿ 9 ಮಂದಿಗೆ, ಭೇದಿ ನಿಂತ ಮೇಲೆ, ಕೀಲುಬಾವು, ಕೆಂಗಣ್ಣು, ಉರಿಮೂತ್ರ. ಈಗ ರಿಯಾಕ್ಟಿವ್ ಆರ್ಥ್ರೈಟಿಸ್ ಎಂದು ಕರೆಯುವ ಇದಕ್ಕೆ ಆಗ ಹನ್ಸ್ ರೈಟರ್ ಎಂಬ ಜರ್ಮನ್ ವೈದ್ಯನ ಹೆಸರಿತ್ತು. ಆತ ನಾಜಿ ಆಡಳಿತದ ದೊಡ್ಡ ಅಧಿಕಾರಿಯಾಗಿದ್ದನೆಂದು ಆ ಹೆಸರನ್ನು ಬಿಟ್ಟರು. ಬಿ27 ಪತ್ತೆಯಾದ ಮೇಲೆ ಆಂಡ್ರೇ ಕಾಲಿನ್ ಮತ್ತು ಜೇಮ್ಸ್ ಫ್ರೈಸ್ ಆ ಒಂಬತ್ತರಲ್ಲಿ ಐವರನ್ನು ಹುಡುಕಿ ತೆಗೆದು 1976ರಲ್ಲಿ ವರದಿ ಮಾಡಿದರು: ಐವರಲ್ಲಿ ನಾಲ್ವರಿಗೆ ಬಿ27. ಆ 602 ಮಂದಿಯಲ್ಲಿ ಬಿ27 ಇದ್ದವರು ನಲವತ್ತಕ್ಕೂ ಹೆಚ್ಚೇ ಇದ್ದಿರಬೇಕು, ಅಮೆರಿಕದ ಸಾಮಾನ್ಯ ಪ್ರಮಾಣ ಹಿಡಿದರೆ. ಒಂದೇ ಹಡಗು, ಒಂದೇ ರೋಗಾಣು, ಒಂದೇ ವಂಶವಾಹಿ; ಆದರೂ ಅವರಲ್ಲಿ ಬಹುಪಾಲು ಮಂದಿ ಭೇದಿಯಷ್ಟಕ್ಕೇ ಪಾರಾದರು. ಬೆಲ್ಜಿಯಮ್ಮಿನ ಗೆಂಟ್‌ನಲ್ಲಿ ಮೀಲಾಂಟ್ಸ್ ಮತ್ತು ವೇಸ್ 1980ರ ದಶಕದಲ್ಲಿ ಈ ಬಗೆಯ ಬೆನ್ನು-ಕೀಲು ರೋಗಿಗಳ ಕರುಳಿಗೆ ಕೊಳವೆ ಇಳಿಸಿ ನೋಡಿದಾಗ, ಹೊಟ್ಟೆಯ ತೊಂದರೆಯೇ ಹೇಳದ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವ ಉರಿಯೂತ ಸಿಕ್ಕಿತು. ಬೆನ್ನಿನ ರೋಗದ ಬುಡ ಕರುಳಿನಲ್ಲಿರಬಹುದು ಎಂಬ ಅನುಮಾನ ಅಲ್ಲಿಂದ ಬಲವಾಯಿತು.

ಬೇರೆ ವಂಶವಾಹಿಗಳ ಪಟ್ಟಿ ತೆರೆದದ್ದು 2007ರಲ್ಲಿ. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಒಕ್ಕೂಟ ಮತ್ತು ಆಸ್ಟ್ರೇಲಿಯಾ-ಬ್ರಿಟನ್-ಅಮೆರಿಕ ಕೂಡು ತಂಡಗಳು ಸೇರಿ ಎರಡು ಹೊಸ ಹೆಸರು ಹೊರತೆಗೆದವು: ಇರ್ಯಾಪ್1 ಮತ್ತು ಐಎಲ್23ಆರ್. 2013ರ ಹೊತ್ತಿಗೆ, ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಪರೀಕ್ಷಿಸಿದ ಅಂತಾರಾಷ್ಟ್ರೀಯ ಒಕ್ಕೂಟ ಪಟ್ಟಿಯನ್ನು 31ಕ್ಕೆ ಏರಿಸಿತು. 2016ರಲ್ಲಿ ಐದು ಉರಿಯೂತ ರೋಗಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ನೂರು ದಾಟಿತು. ಸಂಖ್ಯೆ ನೋಡಿ ಬೆರಗಾಗಬೇಕಿಲ್ಲ. ಬಿ27 ಒಂದೇ ರೋಗದ ಅನುವಂಶೀಯತೆಯ ಸುಮಾರು ಐದನೇ ಒಂದು ಪಾಲನ್ನು ವಿವರಿಸಿದರೆ, ಆ ನೂರು ಚಿಲ್ಲರೆ ಜಾಗಗಳೆಲ್ಲ ಸೇರಿ ವಿವರಿಸುವುದು ಶೇ. 10ಕ್ಕೂ ಕಡಿಮೆ. ಉಳಿದದ್ದೆಲ್ಲಿ ಎನ್ನುವುದು ಈಗಲೂ ತೆರೆದ ಪ್ರಶ್ನೆ. ಆದರೆ ಅಪಾಯವನ್ನು ಎಷ್ಟು ಏರಿಸುತ್ತವೆ ಎನ್ನುವುದಕ್ಕಿಂತ ಯಾವ ದಾರಿ ತೋರಿಸುತ್ತವೆ ಎನ್ನುವುದರಿಂದ ಈ ಪುಟ್ಟ ವಂಶವಾಹಿಗಳಿಗೆ ಬೆಲೆ ಬಂದಿದೆ.

ಇರ್ಯಾಪ್1 ಮಾಡುವ ಕೆಲಸ ನೋಡಿ. ಕೋಶದೊಳಗೆ ಪ್ರೋಟೀನಿನ ತುಣುಕುಗಳ ತುದಿ ಕತ್ತರಿಸಿ, ಎಚ್‌ಎಲ್‌ಎಯ ಕೊರಕಲಿಗೆ ಹೊಂದುವ ಉದ್ದಕ್ಕೆ, ಹೆಚ್ಚಾಗಿ ಒಂಬತ್ತು ಅಮೈನೋ ಆಮ್ಲಗಳಿಗೆ, ತರುವ ಕಿಣ್ವ ಅದು. ಚುರುಕಾಗಿ ಕತ್ತರಿಸುವ ಬಗೆ ಇದ್ದವರಿಗೆ ರೋಗದ ಅಪಾಯ ಹೆಚ್ಚು, ಮಂದವಾಗಿ ಕತ್ತರಿಸುವ ಬಗೆ ಇದ್ದವರಿಗೆ ಕಡಿಮೆ. 2011ರಲ್ಲಿ ಗೊತ್ತಾದ ಸಂಗತಿ ಇದಕ್ಕಿಂತ ಸ್ವಾರಸ್ಯದ್ದು: ಇರ್ಯಾಪ್1ರ ಈ ಪ್ರಭಾವ ಕಂಡದ್ದು ಬಿ27 ಇದ್ದವರಲ್ಲಿ ಮಾತ್ರ. ಬಿ27 ಇಲ್ಲದ ರೋಗಿಗಳಲ್ಲಿ ಆಗ ಅದರ ಪಾತ್ರ ಕಾಣಲಿಲ್ಲ. ಸಾಮಾನ್ಯ ರೋಗಗಳಲ್ಲಿ ಎರಡು ವಂಶವಾಹಿಗಳು ಹೀಗೆ ಕೈಹಿಡಿದು ನಡೆಯುವುದು ಸಿಕ್ಕಿದ್ದೇ ಅಪರೂಪ. ಸೋರಿಯಾಸಿಸ್‌ನಲ್ಲಿ ಇದೇ ಕಿಣ್ವ ಎಚ್‌ಎಲ್‌ಎ-ಸಿಯ ಒಂದು ಬಗೆಯೊಂದಿಗೆ, ಬೆಹ್ಚೆಟ್ ಕಾಯಿಲೆಯಲ್ಲಿ ಬಿ51ರೊಂದಿಗೆ ಜೊತೆಗೂಡುತ್ತದೆ.

ಹಾಗಾದರೆ ಬಿ27 ಮಾಡುವ ಕೇಡು ಏನು? ಮೂರು ವಾದಗಳು ಹೊಡೆದಾಡುತ್ತ ಬಂದಿವೆ. ಬಿ27 ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೆ ರಾಶಿಬಿದ್ದು ಗಲಿಬಿಲಿ ಮಾಡುತ್ತದೆ ಎಂಬುದೊಂದು. ಎರಡು ಬಿ27 ಸರಪಳಿಗಳು ತಾವೇ ಜೋಡಿಯಾಗಿ ಹೊರಮೈಗೆ ಬಂದು ಬೇರೆ ಬಗೆಯ ರಕ್ಷಣಾಕೋಶಗಳನ್ನು ಕೆರಳಿಸುತ್ತವೆ ಎಂಬುದು ಇನ್ನೊಂದು. ಎಲ್ಲಕ್ಕಿಂತ ಹಳೆಯದು, ಸರಳವಾದದ್ದು ಮೂರನೆಯದು: ಬಿ27 ಎತ್ತಿ ತೋರಿಸುವ ಬ್ಯಾಕ್ಟೀರಿಯಾದ ತುಣುಕು ನಮ್ಮದೇ ದೇಹದ ಯಾವುದೋ ತುಣುಕನ್ನು ಹೋಲುತ್ತದೆ, ಒಂದರ ಮೇಲೆ ಹೊರಟ ಟಿ-ಕೋಶ ಇನ್ನೊಂದನ್ನೂ ಕಚ್ಚುತ್ತದೆ. ಲಂಡನ್ನಿನ ಅಲನ್ ಎಬ್ರಿಂಗರ್ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾವನ್ನೇ ಅಪರಾಧಿಯೆಂದು ದಶಕಗಳ ಕಾಲ ವಾದಿಸಿದರು; ಒಪ್ಪಿದವರು ಕಡಿಮೆ. ಆ ತುಣುಕನ್ನು ಯಾರೂ ಕೈಯಲ್ಲಿ ಹಿಡಿದು ತೋರಿಸಿರಲಿಲ್ಲ.

2022ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯ, ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್‌ಗಳ ಸಂಶೋಧಕರು ರೋಗಿಗಳ ಕೀಲು ಮತ್ತು ಕಣ್ಣಿನಿಂದ ತೆಗೆದ ಟಿ-ಕೋಶಗಳನ್ನು ಹೋಲಿಸಿ ನೋಡಿದರು. ಬೇರೆ ಬೇರೆ ರೋಗಿಗಳಲ್ಲಿ ಒಂದೇ ಮಾದರಿಯ ಗ್ರಾಹಕ ಮತ್ತೆ ಮತ್ತೆ ಎದುರಾಯಿತು. ಅದರ ಒಂದು ಪಾಲು ಟಿಆರ್‌ಬಿವಿ9 ಎಂಬ ವಂಶವಾಹಿಯದು. ಆ ಗ್ರಾಹಕ ಬಿ27 ಹಿಡಿದ ಯಾವ ತುಣುಕುಗಳನ್ನು ಗುರುತಿಸುತ್ತದೆಂದು ಹುಡುಕಿದಾಗ ಬ್ಯಾಕ್ಟೀರಿಯಾದ ತುಣುಕುಗಳೂ ಸಿಕ್ಕವು, ಮನುಷ್ಯನ ಸ್ವಂತ ಪ್ರೋಟೀನುಗಳ ತುಣುಕುಗಳೂ ಸಿಕ್ಕವು. ಇದೇ ರೋಗಕ್ಕೆ ಕಾರಣ ಎಂದು ಹೇಳಿಬಿಡಲು ಇನ್ನೂ ಬರುವುದಿಲ್ಲ. ಮಡಚಿಕೆಯ ವಾದವೂ ಸತ್ತಿಲ್ಲ. ಆದರೆ ತೂಕ ಈಗ ಹಳೆಯ ವಾದದ ಕಡೆಗೇ ವಾಲಿದೆ ಎಂದು ನನಗನಿಸುತ್ತದೆ.

ಈ ಅಂದಾಜು ಸರಿಯೆನ್ನಲು ಇನ್ನೊಂದು ಕಾರಣ ರಷ್ಯಾದಿಂದ ಬಂದಿದೆ. ಟಿಆರ್‌ಬಿವಿ9 ಹೊತ್ತ ಟಿ-ಕೋಶಗಳನ್ನಷ್ಟೇ ಆಯ್ದು ನಿವಾರಿಸುವ ಪ್ರತಿಕಾಯವೊಂದನ್ನು ಅಲ್ಲಿ ಒಬ್ಬ ರೋಗಿಗೆ ಕೊಟ್ಟರು. ಐದು ವರ್ಷ ಬಿಡದೆ ತೆಗೆದುಕೊಳ್ಳುತ್ತಿದ್ದ ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಚುಚ್ಚುಮದ್ದನ್ನು ಆ ರೋಗಿ ನಿಲ್ಲಿಸಿ, ನಾಲ್ಕು ವರ್ಷ ರೋಗವಿಲ್ಲದೆ ಇದ್ದುದನ್ನು 2023ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ವರದಿ ಮಾಡಿದರು. 2024ರಲ್ಲಿ ಸೆನಿಪ್ರುಟಗ್ ಎಂಬ ಹೆಸರಿನಲ್ಲಿ ರಷ್ಯಾ ಅದಕ್ಕೆ ಅನುಮತಿಯನ್ನೂ ಕೊಟ್ಟಿತು. ಒಬ್ಬ ರೋಗಿಯ ಕಥೆ ಒಬ್ಬ ರೋಗಿಯ ಕಥೆಯೇ. ಬೇರೆ ದೇಶಗಳ ಸ್ವತಂತ್ರ ಪರೀಕ್ಷೆಗಳು ಆಗುವವರೆಗೆ ಹುಬ್ಬೇರಿಸಿ ಕಾಯುವುದೇ ಸರಿ.

ವಂಶವಾಹಿ ತೋರಿಸಿದ ದಾರಿ ಯಾವಾಗಲೂ ಮದ್ದಿನಂಗಡಿಗೇ ಹೋಗುತ್ತದೆ ಎಂದೇನಿಲ್ಲ ಎನ್ನುವುದಕ್ಕೆ ಐಎಲ್23ಆರ್ ನಿದರ್ಶನ. ಇಂಟರ್‌ಲ್ಯೂಕಿನ್-23 ಎಂಬ ಸಂದೇಶವಾಹಕವನ್ನು ಹಿಡಿದುಕೊಳ್ಳುವ ಗ್ರಾಹಕ ಇದು. ಇದರ 381ನೇ ಸ್ಥಾನದಲ್ಲಿ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ಬೆನ್ನುರೋಗ, ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆ, ಸೋರಿಯಾಸಿಸ್ ಮೂರರಿಂದಲೂ ರಕ್ಷಣೆ. ಈ ದಾರಿಯ ಕೊನೆಯಲ್ಲಿರುವುದು ಇಂಟರ್‌ಲ್ಯೂಕಿನ್-17. ಅದನ್ನು ತಡೆಯುವ ಸೆಕುಕಿನುಮ್ಯಾಬ್ ಬೆನ್ನುರೋಗದಲ್ಲಿ ಚೆನ್ನಾಗಿ ಕೆಲಸ ಮಾಡಿ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹಾಗಿದ್ದರೆ ಮೇಲಿನ 23ನ್ನೇ ತಡೆದರೆ ಇನ್ನೂ ಒಳ್ಳೆಯದಲ್ಲವೇ? ಉಸ್ಟೆಕಿನುಮ್ಯಾಬ್‌ನ ಮೂರು ದೊಡ್ಡ ಪರೀಕ್ಷೆಗಳೂ ರಿಸಾಂಕಿಜುಮ್ಯಾಬ್‌ನ ಪರೀಕ್ಷೆಯೂ ಬೆನ್ನಿನಲ್ಲಿ ಸೋತವು. ಅದೇ ಮದ್ದುಗಳು ಸೋರಿಯಾಸಿಸ್‌ಗೂ ಕ್ರೋನ್ಸ್‌ಗೂ ನಾಟುತ್ತವೆ. ಇತ್ತ ಸೆಕುಕಿನುಮ್ಯಾಬ್ ಕ್ರೋನ್ಸ್‌ನಲ್ಲಿ ಉಪಯೋಗಕ್ಕೆ ಬಾರದ್ದಷ್ಟೇ ಅಲ್ಲ, ಕೆಲವರಿಗೆ ಹೆಚ್ಚು ಮಾಡಿತು. ಮೂಳೆಗೆ ಸ್ನಾಯುಬಂಧ ಅಂಟುವ ಜಾಗದಲ್ಲಿ 23ರ ಹಂಗಿಲ್ಲದೆ 17ನ್ನು ತಯಾರಿಸುವ ಕೋಶಗಳು ಸಿಕ್ಕಿವೆ. ರೋಗ ಹೊತ್ತಿಕೊಳ್ಳುವಾಗ 23 ಬೇಕು, ಹೊತ್ತಿದ ಮೇಲೆ ಬೇಡ ಎಂದೂ ಇರಬಹುದು. ಹುಟ್ಟಿನಿಂದ ಜೊತೆಗಿರುವ ವಂಶವಾಹಿ ಹೇಳುವುದು ರೋಗ ಶುರುವಾಗುವ ಬಗೆಯನ್ನು. ಮದ್ದು ಬರುವುದು ರೋಗ ಬೇರೂರಿದ ಮೇಲೆ.

ಇಷ್ಟು ಕೇಡು ಮಾಡುವ ಬಿ27 ಮನುಕುಲದಲ್ಲಿ ಉಳಿದದ್ದಾದರೂ ಹೇಗೆ? ಎಚ್‌ಐವಿ ತಗುಲಿದವರಲ್ಲಿ ಬಿ27 ಇದ್ದವರು ಮದ್ದಿಲ್ಲದೆಯೂ ಏಡ್ಸ್‌ನತ್ತ ನಿಧಾನವಾಗಿ ಸಾಗುತ್ತಾರೆ; ಹೆಪಟೈಟಿಸ್ ಸಿ ವೈರಸ್ಸನ್ನು ತಾವಾಗಿಯೇ ಹೊರಹಾಕುವ ಸಂಭವವೂ ಅವರಲ್ಲಿ ಹೆಚ್ಚು. ಎಚ್‌ಐವಿ ಮನುಷ್ಯನಿಗೆ ಹೊಸದು, ಆದ್ದರಿಂದ ಅದೇ ಬಿ27ನ್ನು ಉಳಿಸಿತು ಎನ್ನುವಂತಿಲ್ಲ. ಹಿಂದಿನ ಯಾವುದೋ ಸೋಂಕಿನಲ್ಲಿ ಈ ಚುರುಕು ಕೆಲಸಕ್ಕೆ ಬಂದಿರಬಹುದು. ರೋಗ ಹೆಚ್ಚಾಗಿ ಮಕ್ಕಳಾಗುವ ವಯಸ್ಸಿನ ಆಸುಪಾಸಿನಲ್ಲಿ ಶುರುವಾದರೂ ಕೊಲ್ಲುವುದಿಲ್ಲ ಎಂಬುದೂ ಒಂದು ಕಾರಣ.

ಈಗ ಲ್ಯಾಬ್ ವರದಿಗೆ ಬರೋಣ. ನಮ್ಮ ಊರುಗಳಲ್ಲಿ ಈ ಪರೀಕ್ಷೆಯನ್ನು ಬೇಕಾದ್ದಕ್ಕೂ ಬೇಡದ್ದಕ್ಕೂ ಬರೆಯಲಾಗುತ್ತದೆ. ಲೆಕ್ಕಕ್ಕಾಗಿ ಸಾಮಾನ್ಯ ಜನರಲ್ಲಿ ಶೇ. 6 ಮಂದಿಗೆ ಬಿ27 ಇದೆ, ರೋಗಿಗಳಲ್ಲಿ ಶೇ. 90 ಮಂದಿಗೆ ಇದೆ ಎಂದಿಟ್ಟುಕೊಳ್ಳಿ. ತಿಂಗಳುಗಟ್ಟಲೆ ಬೆನ್ನುನೋವಿರುವ 1,000 ಯುವಕ ಯುವತಿಯರಲ್ಲಿ ಈ ರೋಗ ಇರುವವರು 50 ಎನ್ನಿ. ಅವರಲ್ಲಿ 45 ಮಂದಿ ಪಾಸಿಟಿವ್. ಉಳಿದ 950ರಲ್ಲಿ 57 ಮಂದಿಯೂ ಪಾಸಿಟಿವ್. ಅಂದರೆ ಪಾಸಿಟಿವ್ ಬಂದ 102 ಮಂದಿಯಲ್ಲಿ ಅರ್ಧಕ್ಕೂ ಕಡಿಮೆ ಮಂದಿಗೆ ರೋಗವಿದೆ. ಬೆನ್ನುನೋವೇ ಇಲ್ಲದ ಸಾವಿರ ಮಂದಿಗೆ ಹೆಲ್ತ್ ಪ್ಯಾಕೇಜಿನಲ್ಲಿ ಈ ಪರೀಕ್ಷೆ ಮಾಡಿದರೆ ಅರವತ್ತು ಮನೆಗಳಲ್ಲಿ ಗಾಬರಿ ಹುಟ್ಟುತ್ತದೆ, ಪ್ರಯೋಜನ ಸೊನ್ನೆ. ಬೆಳಗಿನ ಮರಗಟ್ಟುವಿಕೆ, ಕಣ್ಣಿನ ಉರಿಯೂತ, ಮನೆಯಲ್ಲಿ ರೋಗಿ — ಇವುಗಳ ಜೊತೆ ಸೇರಿದಾಗ ಮಾತ್ರ ಪರೀಕ್ಷೆಗೆ ಬಲ. ನೆಗೆಟಿವ್ ಬಂದರೆ ರೋಗವಿಲ್ಲವೆಂದೂ ಅಲ್ಲ. ಅಮೆರಿಕದ ಕರಿಯ ರೋಗಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಬಿ27 ಇರುವುದಿಲ್ಲ. ಪರೀಕ್ಷೆಯ ವಿಧಾನವನ್ನೂ ಕೇಳಬೇಕು. ಫ್ಲೋ ಸೈಟೊಮೆಟ್ರಿಯಲ್ಲಿ ಬಿ7 ಇದ್ದವರಿಗೆ ತಪ್ಪಾಗಿ ಪಾಸಿಟಿವ್ ಬರುವ ಸಾಧ್ಯತೆ ಇದೆ. ಡಿಎನ್‌ಎಯನ್ನೇ ನೋಡುವ ಪಿಸಿಆರ್ ಹೆಚ್ಚು ನಂಬಿಕೆಯದು.

ಕುಟುಂಬಗಳು ಕೇಳುವ ಪ್ರಶ್ನೆಗೂ ಲೆಕ್ಕ ಹಾಕಬಹುದು. ಅಪ್ಪನಿಗೋ ಅಮ್ಮನಿಗೋ ರೋಗವಿದ್ದು ಬಿ27 ಇದ್ದರೆ ಮಗುವಿಗೆ ಅದು ಹೋಗುವ ಸಂಭವ ಅರ್ಧ. ಹೋದವರಲ್ಲಿ ರೋಗ ಬರುವುದು ಐವರಲ್ಲಿ ಒಬ್ಬರಿಗೆ. ಒಟ್ಟಾರೆ ಸುಮಾರು ಹತ್ತರಲ್ಲೊಂದು. ಆರೋಗ್ಯವಾಗಿರುವ ಮಕ್ಕಳಿಗೆ ಪರೀಕ್ಷೆ ಮಾಡಿಸಿ ಮಾಡುವುದೇನೂ ಇಲ್ಲ. ತಡೆಯುವ ಮದ್ದು ಇನ್ನೂ ಬಂದಿಲ್ಲ. ಬೆಳಗಿನ ಬೆನ್ನುನೋವನ್ನು ಆಟದ ಏಟು ಎಂದು ತಳ್ಳಿಹಾಕದೆ ಬೇಗ ತೋರಿಸಬೇಕು, ಅಷ್ಟೇ. ಸೋದರಮಾವನ, ಅತ್ತೆಮಗನ ಮದುವೆ ಈಗಲೂ ರೂಢಿಯಲ್ಲಿರುವ ನಮ್ಮ ರಾಜ್ಯದಲ್ಲಿ ‘ಒಳಸಂಬಂಧದಿಂದ ಬಂತೇ?’ ಎಂದು ಕೇಳುವವರಿದ್ದಾರೆ. ಒಳಸಂಬಂಧ ಅಪಾಯ ತರುವುದು ಮುಖ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಹುಟ್ಟುವ ರೋಗಗಳಲ್ಲಿ. ಬಿ27 ಒಂದು ಪ್ರತಿ ಇದ್ದರೂ ಸಾಕು. ಅದು ದೂರದ ಊರಿನ ಸೊಸೆಯ ಜೊತೆಗೂ ಬರಬಹುದು.

ಈಚೆಗೆ ನೂರಾರು ವಂಶವಾಹಿ ಗುರುತುಗಳನ್ನು ಕೂಡಿಸಿ ಒಂದೇ ಅಪಾಯದ ಅಂಕ ಕೊಡುವ ಪದ್ಧತಿ ಬಂದಿದೆ. ಯುರೋಪ್ ಮತ್ತು ಪೂರ್ವ ಏಷ್ಯಾದ ರೋಗಿಗಳಲ್ಲಿ ಇದು ಬಿ27 ಒಂದನ್ನೇ ನೋಡುವುದಕ್ಕಿಂತ ಚೆನ್ನಾಗಿ ಬೇರ್ಪಡಿಸುತ್ತದೆಂದು 2021ರಲ್ಲಿ ತೋರಿಸಿದರು. ಒಂದು ಜನಾಂಗದಲ್ಲಿ ಕಟ್ಟಿದ ಅಂಕ ಇನ್ನೊಂದಕ್ಕೆ ಹಾಗೇ ಹೊಂದುವುದಿಲ್ಲ. ಯುರೋಪಿನ ಅಂಕ ಪೂರ್ವ ಏಷ್ಯಾದಲ್ಲಿ ಅಷ್ಟು ಚೆನ್ನಾಗಿ ನಡೆಯಲಿಲ್ಲ. ನಮಗೆ ನಮ್ಮದೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು, ದೇಶದ ಇಪ್ಪತ್ತು ಸಂಸ್ಥೆಗಳನ್ನು ಸೇರಿಸಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆ, ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು 10 ಸಾವಿರ ಜನರ ಪೂರ್ಣ ಜೀನೋಮ್ ಓದಿ, 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿದೆ. ಯಾವ ಸಮುದಾಯದಲ್ಲಿ ಬಿ27 ಎಷ್ಟು, ಯಾವ ಒಳಬಗೆ, ಇರ್ಯಾಪ್1ರ ಚುರುಕು ರೂಪ ಎಷ್ಟು ಮಂದಿಯಲ್ಲಿ ಎಂದು ಅಲ್ಲಿ ಹುಡುಕಬಹುದು. ಆದರೆ ಆ ಹತ್ತು ಸಾವಿರ ಜನ ಆರೋಗ್ಯವಂತರು. ಹೋಲಿಸಿ ನೋಡಲು ಅಷ್ಟೇ ದೊಡ್ಡ ರೋಗಿಗಳ ಸಂಗ್ರಹ ಬೇಕು, ಮತ್ತು ಅದನ್ನು ಕಟ್ಟುವ ಕೆಲಸ ರುಮಟಾಲಜಿ ಹೊರರೋಗಿ ವಿಭಾಗಗಳಿಂದಲೇ ಶುರುವಾಗಬೇಕು.